ಕವಡೆಯಿಲ್ಲದ ಪ್ರಶ್ನೆ

ನಮ್ಮ ಬಳಗದ ಕರಪತ್ರದಲ್ಲಿ "ಪ್ರಶ್ನೆ" ಎಂಬ ಪದ ಬೇಡವೆಂದು ನಾನು ಮೊದಲೇ ಹೇಳಿದ್ದೆ. ಹೇಳಿದ್ದು ಪುತ್ತೂರಿನ ಮುದ್ರಣಾಲಯದ ಮೇಲಿನ ಕೋಣೆಯಲ್ಲಿ, ಎಲ್ಲರೂ ಇದ್ದಾಗ. ದೇವರ ಹೆಸರೆತ್ತದೆಯೂ ಮನುಷ್ಯರು ಒಬ್ಬರಿಗೊಬ್ಬರು ಒದಗಿಬರಬಹುದೆಂದು ನಂಬಿದ ಕೆಲವರು ಸೇರಿ ಕಟ್ಟಿಕೊಂಡ ಮಾನವತಾವಾದಿ ಬಳಗ ನಮ್ಮದು. ತಿಂಗಳಿಗೊಂದು ಭಾನುವಾರ ಕೂಡುತ್ತೇವೆ. ಒಮ್ಮೆ ಸುಳ್ಯದಲ್ಲಿ, ಮರುತಿಂಗಳು ಪುತ್ತೂರಿನಲ್ಲಿ, ಅದರ ಮರುತಿಂಗಳು ಕಡಬದಲ್ಲಿ. ಕೂಟಕ್ಕೆ ಹೊಸಬರು ಬರುತ್ತಿಲ್ಲವೆಂಬ ಕೊರಗಿಗೆ ನಮ್ಮ ಸಂಚಾಲಕರು ಕಂಡುಕೊಂಡ ಪರಿಹಾರವೇ ಆ ಕರಪತ್ರ. "ಪ್ರಶ್ನೆ ಕೂಟ. ನಿಮ್ಮ ಪ್ರಶ್ನೆಗಳೊಂದಿಗೆ ಬನ್ನಿ. ಯಾವ ಜಾತಿ ಮತದವರಾದರೂ ಸರಿ. ಕಾಣಿಕೆ ಬೇಡ" ಎಂದು ಅದರಲ್ಲಿ ಬರೆದಿದ್ದರು.

ಸಂಚಾಲಕರು ಘಟ್ಟದ ಮೇಲಿನಿಂದ ಬಂದು ಇಲ್ಲಿನ ಕಾಲೇಜಿನಲ್ಲಿ ಕನ್ನಡ ಕಲಿಸುವವರು. ನಮ್ಮ ಕಡೆ ಪ್ರಶ್ನೆ ಎಂದರೆ ಜೋಯಿಸರು ಕವಡೆ ಹರಡಿ ಮನೆಯ ಕಷ್ಟಕ್ಕೆ ಕಾರಣ ಹೇಳುವುದು, ಪ್ರಶ್ನೆ ಕೇಳುವುದಲ್ಲ, ಪ್ರಶ್ನೆ ಇಡಿಸುವುದು ಎಂದು ನಾನು ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಡಾಕ್ಟ್ರೇ, ದನದ ಭಾಷೆ ನಿಮ್ಗಿರ್ಲಿ, ಕನ್ನಡ ನಮ್ಗಿರ್ಲಿ. ಹಂಚ್ಕೊಂಡ್ಬಿಡೋಣ" ಎಂದರು. ಎಲ್ಲರೂ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಈಗಲೂ ನೆನಪಿದೆ. ನಾನು ಸರಕಾರಿ ಪಶುವೈದ್ಯನಾಗಿ ನಿವೃತ್ತನಾದವನು. ಈ ಮೂರು ತಾಲೂಕುಗಳ ದನದ ಹಟ್ಟಿಗಳಲ್ಲಿ ಮೊಣಕೈಯವರೆಗೆ ಕೈಹಾಕಿ ಕರುಗಳನ್ನು ಹೊರತೆಗೆದಿದ್ದೇನೆ. ನನ್ನ ಕನ್ನಡ ಕಲಿತದ್ದೂ ಆ ಹಟ್ಟಿಗಳಲ್ಲೇ.

ಸುಳ್ಯದ ಕೂಟ ಸದಸ್ಯರೊಬ್ಬರ ಮನೆಯ ಜಗಲಿಯಲ್ಲಿ ನಡೆಯಿತು. ಸಂಚಾಲಕರು ಮಾತು ಆರಂಭಿಸುವ ಹೊತ್ತಿಗೆ ಬೆಳ್ಳಾರೆಯ ಒಳಗಿನ ಹಳ್ಳಿಯೊಂದರಿಂದ ಗಂಡ ಹೆಂಡತಿ ಬೈಕಿನಲ್ಲಿ ಬಂದಿಳಿದರು. ಹೆಂಗಸು ನೇರವಾಗಿ ಒಳಬಂದು, ಜುಬ್ಬ ತೊಟ್ಟು ಗಡ್ಡ ಬಿಟ್ಟಿದ್ದ ಸಂಚಾಲಕರ ಮುಂದೆ ಬಾಳೆಲೆಯ ತುಂಡಿನಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟು ಕೈಮುಗಿದರು.

"ನಂಬರು ಇವತ್ತೇ ಸಿಗ್ತದಾ ಜೋಯಿಸ್ರೆ?" ಎಂದು ಗಂಡ ಕೇಳಿದರು. "ಬೇರೆ ಕಡೆ ಆದ್ರೆ ತಿಂಗಳು ಕಾಯ್ಬೇಕು."

ನಾನು ಹೇಳಿದಂತೆಯೇ ಆಗಿತ್ತು. ಆದರೆ ಸಂಚಾಲಕರು ನನ್ನ ಕಡೆ ನೋಡಲೂ ಇಲ್ಲ. ಅವರ ಮುಖದಲ್ಲಿ ಸಂತೋಷವಿತ್ತು. ಮೂಢನಂಬಿಕೆಯೇ ನಡೆದುಬಂದು ಎದುರು ಕುಳಿತಿತಲ್ಲ ಎಂಬ ಸಂತೋಷ. ಇದು ಅಂಥ ಪ್ರಶ್ನೆಯಲ್ಲ, ಆದರೂ ನಿಮ್ಮ ಕಷ್ಟವೇನು ಹೇಳಿ ಎಂದರು. ಗಂಡ ಹೇಳತೊಡಗಿದರು. ದಾಯಾದಿಗಳೊಡನೆ ಗಡಿಯ ತಕರಾರು ಉಂಟು. ಹೆಂಡತಿಗೆ ಕೆಟ್ಟ ಕನಸು ಬೀಳುತ್ತದೆ. ಈಗ ಸಾಕಿದ ನಾಯಿಮರಿ ಕಾರಣವಿಲ್ಲದೆ ಸತ್ತಿದೆ. ಯಾರೋ ಮಾಟ ಮಾಡಿಸಿದ್ದೆಂದು ತಮ್ಮ ತಾಯಿಗೆ ಅನುಮಾನ.

"ಮಾಟ ಅನ್ನೋದು ಒಂದು ಕಲ್ಪನೆ" ಎಂದು ಸಂಚಾಲಕರು ಆರಂಭಿಸಿದರು. ಮನುಷ್ಯ ಗುಹೆಯಲ್ಲಿದ್ದ ಕಾಲದಿಂದ ಹೊರಟ ಅವರ ಮಾತು ಬೇಸಾಯದವರೆಗೆ ಬರುವಷ್ಟರಲ್ಲಿ ನಾನು ಅಡ್ಡ ಬಾಯಿ ಹಾಕಿದೆ.

"ನಾಯಿ ಹೇಗೆ ಸತ್ತಿತು?"

"ಡಾಕ್ಟ್ರೇ, ಒಂದ್ನಿಮಿಷ, ನಾನು ಮುಗಿಸ್ತೀನಿ."

"ನೀವು ಮುಗಿಸಿ. ನಾಯಿ ಹೇಗೆ ಸತ್ತಿತಮ್ಮ?"

ಹೆಂಗಸು ನನ್ನ ಕಡೆ ತಿರುಗಿದರು. ಅವರಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ. "ಎಂತದೂ ತಿನ್ಲಿಲ್ಲ. ಕಟ್ಟಿಗೆಯ ರಾಶಿಯ ಅಡಿಗೆ ಹೋಗಿ ಕತ್ತಲೆಯಲ್ಲಿ ಕೂತಿತು. ಬಾಯಿ ಮುಚ್ಚಲಿಕ್ಕೆ ಆಗ್ತಿರಲಿಲ್ಲ ಅದಕ್ಕೆ, ಜೊಲ್ಲು ಸುರೀತಿತ್ತು. ಸ್ವರವೇ ಬೇರೆ ಆಗಿತ್ತು. ಗಂಟಲಲ್ಲಿ ಎಲುಬು ಸಿಕ್ಕಿರ್ಬೇಕು ಅಂತ ನಾನು ಕೈಹಾಕಿ ನೋಡಿದೆ."

"ಕೈಹಾಕಿ?"

"ಹೌದು. ಆಗ ಸ್ವಲ್ಪ ಹಲ್ಲು ತಾಗಿತು. ಅದೆಂತ ದೊಡ್ಡದಲ್ಲ."

ಎಡಗೈಯ ಬೆರಳುಗಳನ್ನು ತೋರಿಸಿದರು. ಅರಸಿನ ಮತ್ತು ತೆಂಗಿನೆಣ್ಣೆ ಸವರಿ ಗಾಯದ ಬಾಯಿ ಮುಚ್ಚಿಕೊಂಡಿತ್ತು. ನಾಯಿ ಸತ್ತು ಒಂದು ವಾರವಾಗಿತ್ತು.

ಆಗ ನನಗೆ ಆದ ಭಯವನ್ನು ಬರೆದು ತಿಳಿಸುವುದು ಕಷ್ಟ. ನನ್ನ ಸೇವೆಯ ಆರಂಭದಲ್ಲಿ ಉಪ್ಪಿನಂಗಡಿಯ ಕಡೆ ರೈತರೊಬ್ಬರು ಹೀಗೆಯೇ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ತಮ್ಮ ದನದ ಬಾಯಿಗೆ ಕೈಹಾಕಿದ್ದರು. ದನ ಸತ್ತ ಮೇಲೆ ಚುಚ್ಚುಮದ್ದು ತೆಗೆದುಕೊಳ್ಳಿರೆಂದು ನಾನು ಹೇಳಿ ಬಂದೆ, ಅವರು ತೆಗೆದುಕೊಳ್ಳಲಿಲ್ಲ. ಮುಂದೊಂದು ದಿನ ಅವರ ಮನೆಯವರು ನನ್ನನ್ನು ಕರೆಸಿದರು. ಆ ಮನುಷ್ಯ ಬಾಯಾರಿಕೆಯೆಂದು ನೀರು ಕೇಳುತ್ತಿದ್ದರು. ಲೋಟ ತುಟಿಯ ಹತ್ತಿರ ಬಂದೊಡನೆ ಗಂಟಲು ಹಿಡಿದುಕೊಂಡು ಇಡೀ ಮೈ ಬಿಲ್ಲಿನಂತೆ ಬಾಗುತ್ತಿತ್ತು. ಬುದ್ಧಿ ಸರಿಯಾಗಿಯೇ ಇತ್ತು. "ಡಾಕ್ಟ್ರೆ, ಕ್ಷಮಿಸಿ, ಕುಡೀಲಿಕ್ಕೆ ಆಗುದಿಲ್ಲ" ಎಂದು ನನ್ನಲ್ಲಿ ಕ್ಷಮೆ ಕೇಳಿದರು. ರೇಬಿಸ್ ಕಾಣಿಸಿಕೊಂಡ ಮೇಲೆ ಮಾಡುವುದಕ್ಕೇನೂ ಇರುವುದಿಲ್ಲ. ಕಾಣಿಸಿಕೊಳ್ಳಲು ಕೆಲವು ವಾರ ಬೇಕಾಗಬಹುದು, ಕೆಲವು ತಿಂಗಳೂ ಆಗಬಹುದು. ಆ ಹೆಂಗಸು ಜಗಲಿಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ಕುಳಿತಿದ್ದರು. ನನಗೆ ಕಾಣುತ್ತಿದ್ದದ್ದು ಆ ಲೋಟ.

"ಏಳಿ, ಈಗಲೇ ಆಸ್ಪತ್ರೆಗೆ ಹೋಗುವ" ಎಂದೆ.

"ನಾವು ಬಂದದ್ದು ಪ್ರಶ್ನೆಗೆ" ಎಂದರು ಗಂಡ. "ಮೊದಲು ಅದು ಆಗ್ಲಿ."

"ನಿಮ್ಮ ಪ್ರಶ್ನೆಗೆ ಉತ್ತರ ನಾನು ಹೇಳ್ತೇನೆ. ನಾಯಿ ಸತ್ತದ್ದು ಹುಚ್ಚಿನಿಂದ. ಯಾರೂ ಮಾಡಿಸಿದ್ದಲ್ಲ."

"ಕವಡೆ ಇಡದೆ ಹೇಗೆ ಗೊತ್ತಾಯ್ತು ನಿಮಗೆ?"

"ನಾನು ಪಶುವೈದ್ಯ."

"ಹೋ, ದನದ ಡಾಕ್ಟ್ರು." ಅವರು ಹೆಂಡತಿಯ ಕಡೆ ನೋಡಿ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಏನೋ ಹೇಳಿ, ಮತ್ತೆ ನನ್ನತ್ತ ತಿರುಗಿದರು. "ಮನುಷ್ಯರದ್ದು ಮನುಷ್ಯರ ಡಾಕ್ಟ್ರು ಹೇಳ್ಬೇಕಲ್ಲ ಮಾರಾಯ್ರೆ."

"ಅದಕ್ಕೇ ಅವರ ಹತ್ತಿರ ಹೋಗುವ ಅನ್ನುದು ನಾನು."

ಸಂಚಾಲಕರು ನನ್ನ ತೋಳು ಮುಟ್ಟಿ, "ಡಾಕ್ಟ್ರೇ, ಗಾಬರಿ ಪಡಿಸ್ಬೇಡಿ. ಭಯ ಹುಟ್ಟಿಸೋದೇ ಜೋಯಿಸರ ಕೆಲಸ, ನಾವು ವಿಚಾರದಿಂದ ಒಪ್ಪಿಸ್ಬೇಕು" ಎಂದು ಪಿಸುಗುಟ್ಟಿದರು. ಅವರ ಕೈಯನ್ನು ನಾನು ಸರಿಸಿದೆ. ಸರಿಸುವಾಗ ನನ್ನ ಕೈ ನಡುಗುತ್ತಿರುವುದು ನನಗೇ ಕಂಡಿತು. ಹೆಂಗಸಿಗೂ ಕಂಡಿತು. ಅವರು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದು, ವೀಳ್ಯದೆಲೆಯನ್ನು ಅಲ್ಲೇ ಬಿಟ್ಟು ಎದ್ದು ನಿಂತರು.

"ನಾವು ಇಷ್ಟು ಪ್ರಶ್ನೆ ಇಡಿಸಿದೆವಲ್ಲ" ಎಂದು ಗಂಡನಿಗೆ ಹೇಳಿದರು. "ಹೇಳುವವರು ಒಬ್ರಾದರೂ ಹೆದರಿದ್ದು ನೀವು ನೋಡಿದ್ದೀರಾ? ಇವರಿಗೆ ಹೆದರಿಕೆ ಆಗಿದೆ. ನಡೀರಿ."

ಆ ದಿನ ಆಸ್ಪತ್ರೆಯಲ್ಲಿ ಗಾಯವನ್ನು ಸೋಪು ಹಾಕಿ ಬಹಳ ಹೊತ್ತು ತೊಳೆದು, ಅದರ ಸುತ್ತ ರೇಬಿಸ್ ತಡೆಯುವ ಸೀರಂ ಚುಚ್ಚಿ, ಮೊದಲ ಚುಚ್ಚುಮದ್ದು ಹಾಕಿದರು. ಉಳಿದವನ್ನು ಅವರ ಮನೆಯ ಸಮೀಪದ ಆರೋಗ್ಯ ಕೇಂದ್ರದಲ್ಲಿ, ಹೇಳಿದ ದಿನಗಳಂದೇ ಹಾಕಿಸಿಕೊಳ್ಳಬೇಕು, ಒಂದನ್ನೂ ಬಿಡಬಾರದು ಎಂದರು. ಗಂಡ "ಆಯ್ತು, ಆಯ್ತು" ಎಂದರು. ಆ ಎರಡು "ಆಯ್ತು"ಗಳು ನನ್ನ ನಿದ್ದೆ ಕೆಡಿಸಿದವು. ದನಕ್ಕೆ ಪೂರ್ತಿ ಮದ್ದು ಹಾಕಿಸಿರೆಂದು ನಾನು ಹೇಳಿದಾಗಲೆಲ್ಲ ರೈತರು ಕೊಡುತ್ತಿದ್ದ ಉತ್ತರವೂ ಅದೇ, ಧ್ವನಿಯೂ ಅದೇ.

ಮುಂದಿನ ವಾರ ಫೋನು ಮಾಡಿದೆ. ಗಂಡ ಎತ್ತಿಕೊಂಡರು. ಹಿಂದೆ ಒಬ್ಬ ಮುದುಕಿ ಯಾರದು ಯಾರದು ಎಂದು ಕೇಳುತ್ತಿದ್ದದ್ದು ಕೇಳಿಸಿತು. ಚುಚ್ಚುಮದ್ದು ಆಯಿತೇ ಎಂದೆ. "ಡಾಕ್ಟ್ರೆ, ನಮ್ಮ ಹಟ್ಟಿಯಲ್ಲಿ ದನಗಳೆಲ್ಲ ಹುಷಾರುಂಟು. ಹುಷಾರು ತಪ್ಪಿದ್ರೆ ನಾವೇ ಫೋನ್ ಮಾಡ್ತೇವೆ" ಎಂದು ಇಟ್ಟರು. ಮತ್ತೊಮ್ಮೆ ಮಾಡಿದಾಗ ಎತ್ತಲೇ ಇಲ್ಲ. ಮನೆಯಲ್ಲಿ ನಾನು ನೀರು ಕುಡಿಯುವಾಗ ನನ್ನ ಗಂಟಲಿನ ಕಡೆಗೇ ಲಕ್ಷ್ಯ ಹೋಗುತ್ತಿತ್ತು. ಬೆಳ್ಳಾರೆಯ ಹೆಸರು ಬರೆದ ಬಸ್ಸು ಎದುರಾದರೆ ಮುಖ ತಿರುಗಿಸುತ್ತಿದ್ದೆ. ಹೋಗಿ ಬರೋಣವೆಂದು ಎರಡು ಸಲ ಹೊರಟು, ಆ ಮನೆಯ ಅಂಗಳದಲ್ಲಿ ಏನು ಕಾಣಬೇಕಾಗಬಹುದೋ ಎಂಬ ಹೆದರಿಕೆಯಿಂದ ನಿಲ್ದಾಣದಿಂದಲೇ ಹಿಂದಿರುಗಿದೆ.

ಪುತ್ತೂರಿನ ಕೂಟದ ದಿನ ಆ ಹೆಂಗಸು ಬಂದರು. ಮುದ್ರಣಾಲಯದ ಮೇಲಿನ ಕೋಣೆಯ ಮೆಟ್ಟಿಲು ಹತ್ತಿ, ಒಬ್ಬರೇ ಬಂದು ಹೆಂಗಸರ ಬೆಂಚಿನ ತುದಿಯಲ್ಲಿ ಕುಳಿತರು. ಸಂಚಾಲಕರು ಅವರನ್ನು ಎಲ್ಲರಿಗೂ ತೋರಿಸಿ, "ನಮ್ಮ ಬಳಗದ ವೈಚಾರಿಕ ಪ್ರಯತ್ನದಿಂದ ಒಂದು ಜೀವ ಉಳಿಯಿತು" ಎಂದರು. ಚಪ್ಪಾಳೆ ಬಿತ್ತು. ಗುಹೆಯಿಂದ ಬೇಸಾಯದವರೆಗೆ ಮಾತಾಡಿದ್ದೇ ಆ ಪ್ರಯತ್ನವಾಗಿದ್ದರೆ ಇರಲಿ. ನನ್ನನ್ನು ಕಂಗೆಡಿಸಿದ್ದು "ಉಳಿಯಿತು" ಎಂಬ ಮಾತು. ಕನ್ನಡ ಕಲಿಸುವವರಿಗೆ ಮುಗಿದದ್ದಕ್ಕೂ ಮುಗಿಯದ್ದಕ್ಕೂ ವ್ಯತ್ಯಾಸ ಗೊತ್ತಿರಬೇಡವೇ?

ನೀರಿನ ಲೋಟಗಳ ತಟ್ಟೆ ಬೆಂಚಿನಿಂದ ಬೆಂಚಿಗೆ ಬಂತು. ಅವರ ಮುಂದೆ ಬಂದಾಗ ಅವರು ಮುಖ ಆಚೆ ತಿರುಗಿಸಿ, ಅಂಗೈಯಿಂದ ಲೋಟವನ್ನು ದೂರ ತಳ್ಳಿದರು.

ಎದ್ದು ಅವರ ಬಳಿಗೆ ಹೋದೆ.

"ನೀರು ಕುಡೀರಿ" ಎಂದೆ.

"ಬೇಡ."

"ಯಾಕೆ ಬೇಡ? ಗಂಟಲು ನೋವುಂಟಾ? ಕೈ ಜುಮು ಜುಮು ಅಂತದಾ?"

"ಬೇಡ ಅಂದ್ರೆ ಬೇಡ ಡಾಕ್ಟ್ರೆ. ಎಂತ ನೀವು, ಆಗಿನಿಂದ ನನ್ನನ್ನೇ ನೋಡುದು? ನನಗೆ ನಾಚಿಕೆ ಆಗ್ತದೆ."

"ನನ್ನ ಎದುರು ಒಂದು ಗುಟುಕು ಕುಡೀರಿ. ಮತ್ತೆ ನಾನು ಮಾತಾಡುದಿಲ್ಲ."

ಎಲ್ಲರೂ ನಮ್ಮತ್ತಲೇ ತಿರುಗಿದ್ದರು. ಅವರ ಮುಖ ಕೆಂಪಾಯಿತು. ಎದ್ದು, ನನ್ನನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದರು.

"ಇಲ್ಲಿ ಬಾತ್‌ರೂಮು ಎಲ್ಲುಂಟು?"

ನನಗೆ ಅರ್ಥವಾಗಲಿಲ್ಲ.

"ನೀವು ಗಂಡಸರು ಹಿಂದಿನ ಗೋಡೆಗೆ ಹೋಗಿ ಬರ್ತೀರಿ. ನಾವು? ಇಲ್ಲಿ ನೀರು ಕುಡಿದ್ರೆ ಬೆಳ್ಳಾರೆ ದಾಟಿ ಮನೆ ಮುಟ್ಟುವ ತನಕ ಎಂತ ಮಾಡುದು? ನಾನು ಬೆಳಗ್ಗಿನಿಂದ ಕುಡೀಲಿಲ್ಲ. ಆ ಬೆಂಚಿನಲ್ಲಿ ಕೂತವರು ಯಾರೂ ಕುಡಿಯುದಿಲ್ಲ, ನೋಡಿ ಬೇಕಾದ್ರೆ."

ನೋಡಿದೆ. ಆ ಬೆಂಚಿನ ಮುಂದಿದ್ದ ಲೋಟಗಳು ತುಂಬಿದಂತೆಯೇ ಇದ್ದವು. ಆ ಕೋಣೆಯ ಬಗ್ಗೆ ನಾನು ಮಾಡದ ದೂರಿಲ್ಲ. ಬೆಂಚಿನ ಮೊಳೆ, ಫ್ಯಾನಿನ ಸದ್ದು, ಕೆಳಗಿನ ಮಸಿಯ ವಾಸನೆ, ಎಲ್ಲವನ್ನೂ ಹೇಳಿದ್ದೆ. ಅಷ್ಟು ಹೊತ್ತು ಮಾನವತೆಯ ಬಗ್ಗೆ ಮಾತಾಡಿದ ನಾವು ಒಂದು ಇಡೀ ಬೆಂಚನ್ನು ಬಾಯಾರಿಸಿ ಕೂರಿಸಿದ್ದೆವು. ಆದರೂ ಹೆದರಿಕೆ ಸಡಿಲಲಿಲ್ಲ. ಕಾರಣ ಸರಿಯಾಗಿದ್ದರೂ ಅದು ನೆವವೂ ಆಗಿರಬಹುದಲ್ಲ.

"ಇಂಜೆಕ್ಷನ್?" ಎಂದೆ.

"ಅತ್ತೆ ಹುಚ್ಚುನಾಯಿಗೆ ಬೇರಿನ ಮದ್ದು ತಂದಿದ್ದಾರೆ. ಅದು ಕುಡಿಯುವಾಗ ಇಂಜೆಕ್ಷನ್ ಆಗುದಿಲ್ವಂತೆ."

"ನೀವು ಬಿಟ್ರಾ?"

"ಮದ್ದು ಬಾಳೆಯ ಬುಡಕ್ಕೆ ಹೋಗ್ತದೆ. ಸಂಘದ ಮೀಟಿಂಗು ಅಂತ ಹೇಳಿ ಇಂಜೆಕ್ಷನ್‌ಗೆ ಹೋಗುದು. ಇವರೇ ಬೈಕಿನಲ್ಲಿ ಬಿಡುದು. ಅಮ್ಮನ ಎದುರು ಫೋನಿನಲ್ಲಿ ಹೇಳ್ಲಿಕ್ಕೆ ಇವರಿಗೆ ಧೈರ್ಯ ಇಲ್ಲ, ಅದಕ್ಕೆ ನಿಮಗೆ ದನದ ಕತೆ ಹೇಳಿದ್ದು. ಕೊನೆಯದ್ದು ಒಂದು ಬಾಕಿ ಉಂಟು, ಇವತ್ತು ಭಾನುವಾರ ಅಂತ ನಾಳೆ ಬರ್ಲಿಕ್ಕೆ ಹೇಳಿದ್ದಾರೆ."

ದನದ ಕತೆಯನ್ನು ನಾನಿನ್ನೂ ಮರೆತಿಲ್ಲ. ಆ ಗಂಡನಿಗೆ ಬೇರೆ ನೆವ ಹೊಳೆಯಬಹುದಿತ್ತು. ಆದರೆ ಮೆಟ್ಟಿಲ ಬಳಿ ಆ ಹೊತ್ತಿಗೆ ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಹಾಗಾದ್ರೂ ಒಂದು ಗುಟುಕು."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಒಳಗೆ ಹೋಗಿ ಲೋಟ ತಂದು, ನನ್ನ ಮುಂದೆ ನಿಂತು ಒಂದು ಗುಟುಕು ಕುಡಿದರು. ಗಂಟಲು ಮೇಲೆ ಹೋಗಿ ಕೆಳಗೆ ಬಂತು. "ಸಾಕಾ?" ಎಂದು ಕೇಳಿದರು. ಅಂದಿನ ಮಟ್ಟಿಗೆ ಸಾಕಾಗಿತ್ತು. ನಾಳೆಯದ್ದು ನನಗೆ ಗೊತ್ತಿರಲಿಲ್ಲ.

"ಬರುವ ತಿಂಗಳು ಕಡಬದಲ್ಲಿ ಅಲ್ವ?" ಎಂದರು. "ಅಲ್ಲಿ ಉಂಟಾ?"

"ನೋಡಿ ಹೇಳ್ತೇನೆ."

ಮಂಗಳವಾರ ಅವರ ಫೋನು ಬಂತು, ಕೊನೆಯದೂ ಆಯಿತೆಂದರು. ಅದರ ಮರುದಿನ ನಾನು ಕಡಬದ ಬಸ್ಸು ಹತ್ತಿದೆ. ನಮ್ಮ ಕೂಟಕ್ಕೆ ಗೊತ್ತುಮಾಡಿದ್ದ ಟ್ಯೂಷನ್ ಕಟ್ಟಡದ ಹಿಂದೆ ಒಂದು ಶೌಚಾಲಯವಿತ್ತು. ಚಿಲಕವಿರಲಿಲ್ಲ, ದೀಪವಿರಲಿಲ್ಲ, ನಲ್ಲಿ ಒಣಗಿತ್ತು. ಸಂಚಾಲಕರಿಗೆ ಫೋನಿನಲ್ಲಿ ಹೇಳಿದಾಗ, "ನೋಡೋಣ ಡಾಕ್ಟ್ರೇ, ಇದು ಕಾರ್ಯಸೂಚಿಯಲ್ಲಿ ಬರ್ಲಿ" ಎಂದರು. ನಾನು ಕಾಯಲಿಲ್ಲ. ಬಡಗಿಯನ್ನೂ ಪ್ಲಂಬರನ್ನೂ ಕರೆಸಿ, ಅವರ ತಲೆಯ ಮೇಲೆಯೇ ನಿಂತು ಎಲ್ಲವನ್ನೂ ಸರಿಮಾಡಿಸಿದೆ. ಬಡಗಿ, "ಮನೆಯಲ್ಲಿ ಮದುವೆ ಉಂಟಾ ಮಾರಾಯ್ರೆ, ಇಷ್ಟು ಅರ್ಜೆಂಟು?" ಎಂದು ಕೇಳಿದ. ನೀರು ಕುಡಿಯಬೇಕಾದವರೊಬ್ಬರು ಇದ್ದಾರೆ ಎಂದೆ.

ಕಡಬದ ಕೂಟದಲ್ಲಿ ಎಲ್ಲರೂ ಕುಳಿತ ಮೇಲೆ ನಾನು ಎದ್ದು, ಹೆಂಗಸರ ಬೆಂಚಿನ ಕಡೆ ನೋಡದೆ, ಶೌಚಾಲಯ ಹಿಂದೆ ಇದೆ, ಚಿಲಕ ಒಳಗಿನಿಂದ ಬೀಳುತ್ತದೆ ಎಂದು ತಿಳಿಸಿದೆ. ಯಾರೋ ಕಿಸಕ್ಕೆಂದರು, ಯಾರೆಂದು ಗೊತ್ತು. ನೀರಿನ ತಟ್ಟೆ ಬಂದಾಗ ನಾನು ಆ ಬೆಂಚಿನ ಕಡೆ ನೋಡಿದೆ. ಬೆಳ್ಳಾರೆಯವರು ಲೋಟ ತೆಗೆದುಕೊಂಡು ನಿಲ್ಲಿಸದೆ ಪೂರ್ತಿ ಕುಡಿದು, ಇನ್ನೊಂದಕ್ಕೆ ಕೈಚಾಚಿದರು. ಅವರ ಪಕ್ಕದವರೂ ತೆಗೆದುಕೊಂಡರು, ಅದರಾಚೆಯವರೂ. ಆ ಬೆಂಚಿಗೆ ತಟ್ಟೆ ಎರಡು ಸಲ ಬರಬೇಕಾಯಿತು. ಸಂಚಾಲಕರು ಮಾತು ನಿಲ್ಲಿಸಿ ಕಾದರು.