ಬಂದೂಕಿನ ಉಡಿ

ಆ ಗುಂಡನ್ನು ಬಂದೂಕಿಗೆ ಹಾಕಿದವಳು ನಾನು, ಮಸ್ತಾನಣ್ಣ.

ಇಷ್ಟು ಮಾತು ಬಾಯಿಗೆ ಬರಲು ಇಷ್ಟು ವರ್ಷ ಹಿಡಿಯಿತು. ಈಗಲೂ ನಿಮ್ಮೆದುರು ನಿಂತು ಹೇಳುತ್ತಿಲ್ಲ — ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು, ಗೋಡೆಗೆ ಹೇಳಿದ ಹಾಗೆ ಹೇಳಿಕೊಳ್ಳುತ್ತಿದ್ದೇನೆ. ಅತನೂರಿನಲ್ಲಿ ಗೌಡರ ಸೊಸೆ ಬಾಯಿಬಡಕಿ ಎಂದೇ ನನಗೆ ಹೆಸರು. ಹಾಲಿನವರಿರಲಿ, ಪಂಚಾಯ್ತಿಯವರಿರಲಿ, ನನ್ನ ಬಾಯಿಗೆ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಾರೆ. ಆ ಬಾಯಿ ಬೇಕಾದ ಹೊತ್ತಿಗೆ ತೆರೆಯಲಿಲ್ಲ. ಗಟ್ಟಿಯಾಗಿ ಮಾತಾಡುವವಳಿಗೆ ಹೆದರಿಕೆ ಇಲ್ಲ ಎಂದು ಜನ ತಿಳಿಯುತ್ತಾರೆ. ಹೆದರುವವಳೇ ಹೆಚ್ಚು ಮಾತಾಡುವುದು, ಅಣ್ಣ.

ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಹಾಗೆ ಹೇಳದಿದ್ದರೆ ಕೊನೆಯವರೆಗೆ ಮುಟ್ಟುವ ಧೈರ್ಯ ನನಗೆ ಬರುವುದಿಲ್ಲ.

ನಮ್ಮ ಮನೆಯವರಿಗೆ ಗುರಿ ಹೊಡೆಯುವ ಹುಚ್ಚು ಹಿಡಿದದ್ದು ಗುಲಬರ್ಗಾದಲ್ಲಿ ಒಂದು ಪಂದ್ಯ ನೋಡಿ ಬಂದ ಮೇಲೆ. ದೂರದಲ್ಲಿ ಜೋಳದ ಕಾಳಿನಷ್ಟು ಕಾಣುವ ಕಪ್ಪು ಚುಕ್ಕೆಗೆ ಹೊಡೆಯುವ ಪಂದ್ಯ. ಬೇಟೆಯಲ್ಲ, ಅವರು ಒಂದು ಪಾರಿವಾಳಕ್ಕೂ ಹೊಡೆದವರಲ್ಲ. ಆದರೆ ಪಂದ್ಯದ ರೈಫಲ್ ಪರದೇಶದಿಂದ ಬರಬೇಕು, ಅಷ್ಟು ದುಡ್ಡಿಗೆ ಹೊಲ ಮಾರಿದರೂ ಸಾಲದು. ಮನೆಯಲ್ಲಿ ಮಾವನ ಕಾಲದ ಲೈಸನ್ಸಿನ ರೈಫಲ್ ಒಂದಿತ್ತು, ಕಬ್ಬಿಗೆ ಬರುವ ಹಂದಿ ಬೆದರಿಸಲು ತಂದದ್ದು. ನಳಿಗೆ ಚೆನ್ನಾಗಿದೆ, ಉಳಿದದ್ದನ್ನು ನಾವೇ ಕಟ್ಟೋಣ ಎಂದು ಅವರು ನಿಮ್ಮನ್ನು ಅಫಜಲಪುರದಿಂದ ಕರೆಸಿದರು. ನೀವು ಬಾಗಿಲು, ಬಂಡಿ, ಮದುವೆಯ ಮಂಚ ಮಾಡುವ ಬಡಿಗರು. ಬಂದೂಕಿಗೆ ಹಿಡಿ ಮಾಡುವುದು ನಿಮಗೂ ಹೊಸದು, ಅದಕ್ಕೇ ನಿಮಗೂ ಹುಚ್ಚು ಹತ್ತಿತು.

ಕಟ್ಟಿಗೆಗಾಗಿ ಮನೆಯೆಲ್ಲ ಸುತ್ತಿದಿರಿ. ಕೊನೆಗೆ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಮನೆಯ ಹೊಸ್ತಿಲ ಮೇಲೆ ಕೈಯಿಟ್ಟಿರಿ.

“ಇದು ತಿಂದಷ್ಟು ಬಿಸಲಾ ಯಾವ ಕಟ್ಟಿಗಿನೂ ತಿಂದಿಲ್ರಿ ಗೌಡ್ರ. ಇನ್ನ ಇದು ಬಾಗಂಗಿಲ್ಲ, ಸೀಳಂಗಿಲ್ಲ.”

ಅತ್ತೆ ಸಿಡಿಮಿಡಿಗೊಂಡರು. “ಲಕ್ಷ್ಮಿ ದಾಟಿ ಬಂದ ಹೊಸ್ತಲಾ ಕಡದು ಬಂದೂಕ ಮಾಡ್ತೀರೇನು? ಬುದ್ಧಿ ಎಲ್ಲಿ ಇಟ್ಟೀರಿ?”

ಅವರ ಮಾತಿಗೆ ನೀವಿಬ್ಬರೂ ನಕ್ಕಿರಿ. ನಾನು ನಗಲಿಲ್ಲ. ಮದುವೆಯಾಗಿ ಬಂದ ದಿನ ಜೋಳ ತುಂಬಿದ ಸೇರನ್ನು ಒದ್ದು ನಾನು ಒಳಗೆ ಬಂದದ್ದು ಅದೇ ಹೊಸ್ತಿಲ ಮೇಲಿಂದ. ಮನೆ ಬಿದ್ದು ಹೊಸದು ಕಟ್ಟುವವರೆಗೆ ದಿನವೂ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದವಳು ನಾನೇ.

ಮಳೆಗಾಲವೆಲ್ಲ ನಮ್ಮ ಪಡಸಾಲೆಯಲ್ಲಿ ನಿಮ್ಮ ಉಳಿಯ ಸದ್ದು. ಹೆಗಲಿಗೆ ತಾಗುವ ತುದಿಗೆ ಟ್ರ್ಯಾಕ್ಟರಿನ ಟ್ಯೂಬು ಕತ್ತರಿಸಿ ಹಚ್ಚಿದಿರಿ. ಕಣ್ಣಿಟ್ಟು ನೋಡುವ ಕಿಂಡಿಗೆ ನನ್ನ ಕೆಟ್ಟುಹೋದ ಸ್ಟೋವಿನ ಹಿತ್ತಾಳೆ. “ತಂಗೆವ್ವನ ಸ್ಟೋ ಪಂದ್ಯಕ್ಕ ಹೊಂಟದ” ಎಂದು ನನ್ನನ್ನು ಕಾಡಿದಿರಿ. ಬಂದೂಕಿನ ಕುದುರೆಯನ್ನು ಮಾತ್ರ — ನೀವು ಘೋಡಾ ಎನ್ನುತ್ತಿದ್ದಿರಿ — ಅವರು ಸೊಲ್ಲಾಪುರಕ್ಕೆ ಒಯ್ದು ಹಗುರ ಮಾಡಿಸಿ ತಂದರು. ಪಂದ್ಯದವರಿಗೆ ಹಾಗೇ ಬೇಕಂತೆ, ಬೆರಳು ತಾಗಿದರೆ ಸಾಕಂತೆ. ಅವರು ಹಾಗೆ ಖುಷಿಯಾಗಿದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಈಗ ನನ್ನ ಮಾತು. ಗಂಡಸರ ಮುಂದೆ ಆಡುವ ಮಾತಲ್ಲ, ಆದರೂ ಆಡುತ್ತೇನೆ.

ಆ ವರ್ಷದ ಹೊತ್ತಿಗೆ ನನ್ನ ಉಡಿ ಎರಡು ಸಲ ತುಂಬಿ ಎರಡು ಸಲ ಬರಿದಾಗಿತ್ತು. ಗಾಣಗಾಪುರಕ್ಕೆ ಹೋಗಿ ಬೇಡಿಕೊಂಡು ಬಂದದ್ದೂ ಆಗಿತ್ತು. ಬರಿದು ಎನ್ನುವ ಮಾತನ್ನೂ ನನಗೆ ಕೇಳಲಾಗುತ್ತಿರಲಿಲ್ಲ. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತು — ಪಕ್ಕದ ಮನೆಯ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಜೋಳ ತೀರಿದರೂ ತೀರಿತು ಎನ್ನದೆ ಹೆಚ್ಚಾಯಿತು ಎನ್ನುತ್ತೇವೆ. ನನ್ನಲ್ಲಿ ಈ ಪದ್ಧತಿ ರೋಗವಾಗಿ ಕೂತಿತ್ತು. ಮೂಲೆಯಲ್ಲಿ ಬರಿ ಕೊಡ ಕಂಡರೆ ಎದ್ದು ಹೋಗಿ ನೀರು ತುಂಬುತ್ತಿದ್ದೆ.

ಮಹಾನವಮಿಗೆ, ಆಯುಧಗಳ ಖಂಡೆ ಪೂಜೆಯ ದಿನ ಬೆಳಿಗ್ಗೆ ನೀವು ರೈಫಲ್ಲನ್ನು ಒರೆಸಿ, ತೆರೆದು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಪೂಜೆಗೆ ಕೊಟ್ಟು ಊರಿಗೆ ಹೋದಿರಿ. ಅದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಇದನ್ನು ನೆನಪಿಟ್ಟುಕೊಳ್ಳಿ, ಅಣ್ಣ. ನಾನು ನೋಡಿದ್ದೇನೆ.

ಅತ್ತೆ ಕುಂಟೆ, ಕುಡುಗೋಲು, ಮೊರ, ತಕ್ಕಡಿ ಎಲ್ಲದಕ್ಕೂ ವಿಭೂತಿ ಹಚ್ಚಿ ಸಾಲಾಗಿ ಇಟ್ಟರು. ಮೊರದಲ್ಲಿ ಜೋಳ, ತಕ್ಕಡಿಯಲ್ಲಿ ಬೆಲ್ಲ, ಕೊಡದಲ್ಲಿ ನೀರು. ಬರಿದಾಗಿದ್ದದ್ದು ಅದೊಂದೇ — ಹೊಸ್ತಿಲ ಕಟ್ಟಿಗೆಯ ಬಂದೂಕು. ನಾನು ಸೇರು ಒದ್ದು ದಾಟಿದ ಹೊಸ್ತಿಲು ದೇವರ ಮುಂದೆ ಬರಿದಾಗಿ ಮಲಗಿತ್ತು. ಅದರಿಂದ ಕಣ್ಣು ಕೀಳಲು ನನ್ನಿಂದ ಆಗಲಿಲ್ಲ.

ಎಲ್ಲರೂ ಊಟಕ್ಕೆ ಕೂತಾಗ ತಿಜೂರಿಯಿಂದ ಒಂದು ಗುಂಡು ತಂದು ಹಾಕಿದೆ. ಅವರು ಹಾಕುವುದನ್ನು ಎಷ್ಟೋ ಸಲ ನೋಡಿದ್ದೆ. ಮೇಲೆ ಕುಂಕುಮ ಇಟ್ಟು, “ನಿನ್ನ ಉಡಿ ತುಂಬೇನಿ, ನನ್ನದೂ ತುಂಬು” ಎಂದು ಕೈ ಮುಗಿದೆ. ಯಾರಿಗೆ ಮುಗಿದೆ — ಬಂದೂಕಿಗೋ, ಹೊಸ್ತಿಲಿಗೋ. ಹುಚ್ಚಿ ನಾನು.

ರಾತ್ರಿಯೊಳಗೆ ತೆಗೆಯಬೇಕೆಂದಿದ್ದೆ. ಆದರೆ ಪೂಜೆಗೆ ಇಟ್ಟದ್ದನ್ನು ಮರುದಿನದ ಬನ್ನಿ ಹಬ್ಬದವರೆಗೆ ಕದಲಿಸಬಾರದು ಎಂದು ಅತ್ತೆ ಅದರ ಮುಂದೆಯೇ ಚಾಪೆ ಹಾಸಿ ಮಲಗಿಬಿಟ್ಟರು. ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡೆ. ಬೆಳಿಗ್ಗೆ ಹೋಳಿಗೆಯ ಹೂರಣ, ನೆಂಟರು, ಚಹಾ...

ನೀವು ಬನ್ನಿ ಎಲೆ ಹಿಡಿದು ಬಂದಿರಿ. “ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಗೌಡ್ರ” ಎಂದಿರಿ. ಇಬ್ಬರೂ ಅಪ್ಪಿಕೊಂಡದ್ದು ಅಡುಗೆಮನೆಯಿಂದ ನನಗೆ ಕಾಣುತ್ತಿತ್ತು. ಅವರು ಬಂದೂಕು ಎತ್ತಿ ನಿಮ್ಮ ಕೈಗೆ ಕೊಟ್ಟರು. ಎದುರಿಗೆ ಕೂತು, ಎಡಗೈಯಿಂದ ಮುಂದಿನ ತುದಿ ಸವರುತ್ತ, ಇಲ್ಲಿ ಇನ್ನಷ್ಟು ತೆಳುವಾಗಬೇಕು ಎಂದು ತೋರಿಸುತ್ತಿದ್ದರು.

“ಖಾಲಿ ಅದ ಇಲ್ಲೋ ಮಸ್ತಾನ್?”

“ಖಾಲಿ ಅದ್ರಿ. ಪೂಜಿಗಿ ಇಡೂಮುಂದ ನಾನೇ ನೋಡೇನಿ.”

ಈ ಮಾತು ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ನನಗೆ ನಾನೇ ಎಷ್ಟೋ ವರ್ಷ ಸುಳ್ಳು ಹೇಳಿಕೊಂಡೆ. ಸ್ವಚ್ಛವಾಗಿ ಕೇಳಿಸಿತು. ಕೂಗಿದ್ದರೆ ಸಾಕಿತ್ತು. ಆದರೆ ಅತ್ತೆ ನನ್ನ ಎದುರಿಗೇ ಕೂತು ಕಣಕ ನಾದುತ್ತಿದ್ದರು. ಏನೆಂದು ಕೂಗಲಿ — ಸೊಸೆ ಬಂದೂಕು ಮುಟ್ಟಿದಳು ಎಂದೇ, ಬರಿ ಉಡಿಯವಳು ಅದರ ಉಡಿ ತುಂಬಿದಳು ಎಂದೇ? ಕೈ ಒರೆಸಿಕೊಂಡು ಹೋಗಿ ನಮ್ಮ ಮನೆಯವರನ್ನು ಮೆಲ್ಲಗೆ ಕರೆದು ಹೇಳೋಣ ಎಂದುಕೊಂಡೆ. ಹಂಚಿನ ಮೇಲೆ ಹೋಳಿಗೆ ಇತ್ತು. ಸೀದೀತು ಎಂದು ಅದನ್ನು ಮಗುಚಿ ಹಾಕಿ ಎದ್ದೆ.

ಹೋಳಿಗೆ ಮಗುಚಿದೆ, ಅಣ್ಣ. ಅಷ್ಟು ಹೊತ್ತಿತ್ತು ನನಗೆ.

ನಿಮ್ಮ ಬೆರಳು ಆ ಹಗುರ ಕುದುರೆಗೆ ತಾಗಿದ್ದಷ್ಟೇ, ಗುಂಡು ಅವರ ಎಡ ಅಂಗೈ ತೂರಿ ಗೋಡೆಗೆ ಹೊಕ್ಕಿತು. ನೀವು ನಿಮ್ಮ ತಲೆಯ ಪಟಕಾ ಬಿಚ್ಚಿ ಅವರ ಕೈಗೆ ಸುತ್ತುತ್ತ, “ನಾ ನೋಡೇನ್ರಿ, ಖುದಾನ ಆಣಿ, ನಾ ನೋಡೇನಿ” ಎಂದು ಅದನ್ನೇ ಅನ್ನುತ್ತಿದ್ದಿರಿ. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ನಿಂತರು. “ಹಂಗಾರ ಗುಂಡು ತಾನ ನಡಕೊಂತ ಬಂದು ಒಳಗ ಕೂತದೇನು?” ಎಂದರು. ನೀವು ತಲೆ ಎತ್ತಿ ಒಬ್ಬೊಬ್ಬರ ಮುಖ ನೋಡಿದಿರಿ, ನನ್ನ ಮುಖವನ್ನೂ ನೋಡಿದಿರಿ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಗಾಬರಿಯಾಗಿದ್ದಾಳೆ ಎಂದುಕೊಂಡಿರೇನೋ.

ಪೊಲೀಸರು ಬಂದಾಗ ನಮ್ಮ ಮನೆಯವರು ನಿಮ್ಮ ಹೆಸರು ಹೇಳಲಿಲ್ಲ, ತಾವೇ ಒರೆಸುವಾಗ ಹಾರಿತು ಎಂದರು. ಜಮಾದಾರರು ಮನೆಯಲ್ಲಿ ಬೇರೆ ಯಾರಾದರೂ ಮುಟ್ಟಿದ್ದರೇನು ಎಂದು ಕೇಳಿದರು. “ನಮ್ಮ ಮನ್ಯಾಗ ಹೆಣ್ಮಕ್ಕಳು ಬಂದೂಕ ಮುಟ್ತಾರೇನ್ರಿ ಸಾಹೇಬ್ರ?” ಎಂದು ಅತ್ತೆ ನಕ್ಕರು. ನಾನು ಚಹಾ ಕೊಟ್ಟೆ. ಅವತ್ತಿನಿಂದ ಹೊರಗೆ ಮೋಟಾರ್‌ಸೈಕಲ್ಲು ನಿಂತರೆ ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಯಾರಾದರೂ ತಿಜೂರಿಯ ಹತ್ತಿರ ಹೋದರೆ ಏನಾದರೂ ನೆಪ ಮಾಡಿ ಹಿಂದೆಯೇ ಹೋಗುತ್ತಿದ್ದೆ. ಮರುವರ್ಷ ಮಗಳು ಹುಟ್ಟಿದಳು. ಅವಳನ್ನು ಎತ್ತಿಕೊಂಡು ಖುಷಿಪಡಲೂ ಹೆದರಿದೆ. ಬೇಡಿಕೊಂಡದ್ದು ಸಿಕ್ಕಿತು, ಅದರ ಬೆಲೆ ಕೊಟ್ಟವರು ಯಾರು? ಮಗುವಿಗೆ ಒಂದು ಕೆಮ್ಮು ಬಂದರೂ ನಿಮ್ಮ ಮುಖವೇ ಕಣ್ಣ ಮುಂದೆ.

ಅವರ ಕೈ ಮತ್ತೆ ಮುಷ್ಟಿ ಕಟ್ಟಲಿಲ್ಲ. ಪಂದ್ಯದ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ರೈಫಲ್ಲನ್ನು ಠಾಣೆಗೆ ಒಪ್ಪಿಸಿದರು. ಊರವರು ನಿಮಗೆ ಕೆಲಸ ಹೇಳುವುದನ್ನು ಬಿಟ್ಟರು. ನೋಡದೆಯೇ ನೋಡಿದೆ ಅನ್ನುವವನು ಅಳತೆ ಏನು ನೋಡಿಯಾನು ಎಂದರು.

ಇದಕ್ಕಿಂತ ದೊಡ್ಡ ಪಾಪ ಆಮೇಲಿನದು. ಮಗಳ ಮದುವೆಯ ಅಡುಗೆಗೆ ಕಟ್ಟಿಗೆ ಬೇಕೆಂದು ಅಫಜಲಪುರದ ಸೌದೆ ಅಡ್ಡೆಗೆ ಬಂದರೆ ತಕ್ಕಡಿಯ ಹತ್ತಿರ ನೀವು ಕೂತಿದ್ದಿರಿ. ಉಳಿ ಬಾಚಿ ಎಲ್ಲ ಮಾರಿದೆ ಎಂದಿರಿ. ಸಾಗವಾನಿಯ ನಾರು ಬೆರಳಲ್ಲಿ ಓದುತ್ತಿದ್ದವರು ಜಾಲಿಯ ತುಂಡು ತೂಗುತ್ತಿದ್ದಿರಿ. ನನಗೆ ಕುರ್ಚಿ ಹಾಕಿಸಿ, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಿರಿ:

“ತಂಗೆವ್ವ, ಅವತ್ತ ನಾ ಖರೇನೇ ನೋಡಿದ್ನೋ, ನೋಡೇನಿ ಅನ್ಕೊಂಡ್ನೋ — ಈಗ ನನಗೇ ತಿಳಿವಲ್ದು. ನನ್ನ ಕಣ್ಣ ಮ್ಯಾಲ ನನಗೇ ಭರೋಸಾ ಇಲ್ಲ.”

ದೇವರೇ ಬಾಯಿ ತೆರೆಸಲು ಕೂರಿಸಿದ ಹಾಗಿತ್ತು. ಆದರೆ ಬೀಗರ ಮನೆ, ಮಗಳ ಲಗ್ನ, ಗಂಡನ ಮುಖ — ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನಾನು ಏನೆಂದೆ ಎಂಬುದು ನಿಮಗೂ ನೆನಪಿರಬಹುದು.

“ಮರ್ತುಬಿಡ್ರಿ ಅಣ್ಣ. ಮನುಷ್ಯಾ ಅಂದ ಮ್ಯಾಲ ಕಣ್ಣು ತಪ್ತದ.”

ನೀವು ಹೌದೆನ್ನುವಂತೆ ತಲೆಯಾಡಿಸಿದಿರಿ. ಗುಂಡು ಹಾಕಿದ್ದು ಹುಚ್ಚಿನಿಂದ, ಕೂಗದಿದ್ದದ್ದು ಹೆದರಿಕೆಯಿಂದ. ಇದನ್ನು ಮಾತ್ರ ಎಚ್ಚರದಲ್ಲಿ, ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾಡಿದೆ.

ಕಳೆದ ಶ್ರಾವಣದಲ್ಲಿ ನಮ್ಮ ಮನೆಯವರು ಲಿಂಗೈಕ್ಯರಾದರು. ಹೋಗುವ ಮೊದಲು ಆ ಸೊಟ್ಟ ಕೈಯನ್ನು ಎದೆಯ ಮೇಲಿಟ್ಟುಕೊಂಡು, “ಮಸ್ತಾನ್ ನೋಡಿಲ್ಲ ಅಂದಿದ್ರ ನಾ ಅವಗ ಒಂದ ಮಾತೂ ಅಂತಿದ್ದಿಲ್ಲ. ಸುಳ್ಳ ಹೇಳಿದ್ನಲ್ಲ” ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ. ಆಗಲೂ ಹೇಳಲಿಲ್ಲ. ಗೆಳೆಯ ಸುಳ್ಳುಗಾರ ಎಂದುಕೊಂಡೇ ಅವರು ಹೋದರು. ಅದನ್ನು ಇನ್ನು ಯಾರೂ ಸರಿಮಾಡಲಾರರು.

ನಾಳೆ ಬನ್ನಿ ಹಬ್ಬ. ಮೊದಲ ಬಸ್ಸಿಗೆ ಅಫಜಲಪುರಕ್ಕೆ ಬರುತ್ತೇನೆ. ಈಗಲೂ ಹೆದರಿಕೆ ಇದೆ — ನೀವು ಬೈಯುವಿರೆಂದಲ್ಲ, ಬೈಯದೆ ನನಗೆ ಕುರ್ಚಿ ಹಾಕಿಸುವಿರೆಂದು. ಬನ್ನಿ ಎಲೆ ತರುವುದಿಲ್ಲ. ಬಂಗಾರದಂಗ ಇರೋಣ ಎನ್ನಲು ನನಗೆ ಬಾಯಿಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ. ಅಡ್ಡೆಯಲ್ಲಿ ಹಮಾಲರಿದ್ದರೆ, ನಿಮ್ಮ ಮಕ್ಕಳಿದ್ದರೆ, ಅವರ ಎದುರಿಗೇ ಹೇಳುತ್ತೇನೆ. ಬಾಯಿ ಕೈಕೊಟ್ಟೀತು ಎಂದು ಬೆಳಗಿನಿಂದ ಒಲೆಯ ಮುಂದೆ ಕೂತು ಒಂದೇ ಮಾತು ಬಾಯಿಪಾಠ ಮಾಡುತ್ತಿದ್ದೇನೆ.

ಮಸ್ತಾನಣ್ಣ, ನೀವು ನೋಡಿದ್ರಿ. ಖಾಲಿನೇ ಇತ್ತು.