ಭಾವನ ಕೈಗೆ ಭಾವನದೇ ಕಣ್ಣು

ನಮ್ಮ ಭಾವ ಬಸ್ ಡ್ರೈವರ್, ನಾನು ಅದೇ ಬಸ್ಸಿನ ಕಂಡಕ್ಟರ್. ಡಿಪೋದ ಕೊನೆಯ ಕಂಬಕ್ಕೂ ಗೋಡೆಗೂ ನಡುವೆ ಬಸ್ಸನ್ನು ರಿವರ್ಸ್‌ನಲ್ಲಿ ನುಗ್ಗಿಸಬೇಕೆಂದರೆ ಬೇರೆಯವರಿಗೆ ಬೆವರು ಕಿತ್ತುಬರುತ್ತಿತ್ತು. ಭಾವನಿಗೆ ಅದು ನೀರು ಕುಡಿದಷ್ಟು ಸಲೀಸು. ನಾನು ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಬಸ್ಸಿನ ಮೈ ತಟ್ಟುತ್ತಿದ್ದರೆ, ಈ ಮಹಾರಾಯರು ಕಿಟಕಿಯಿಂದ ಯಾರನ್ನೋ ಬೈಯುತ್ತಲೇ ಒಳಗೆ ತಂದು ನಿಲ್ಲಿಸುತ್ತಿದ್ದರು.

ಅವರ ಮಗಳು ಅದೇ ಡಿಪೋಗೆ ಟ್ರೈನಿ ಡ್ರೈವರ್ ಆಗಿ ಸೇರಿ ಅಪ್ಪನ ಪಕ್ಕದಲ್ಲೇ ಕೂತಳು. ಹುಡುಗಿಯ ಬಾಯಿ ಸುಮ್ಮನಿರಬೇಕಲ್ಲ! ಒಂದು ದಿನ ನಡೆದದ್ದನ್ನು ಭಾವ ಆಮೇಲೆ ತಾವೇ ಬಾಯಿಬಿಟ್ಟರು. "ಅಪ್ಪ, ಸ್ಟೇರಿಂಗ್ ಯಾವಾಗ ತಿರುಗಿಸ್ತೀಯ? ಕಂಬ ಕನ್ನಡೀಲಿ ಕಂಡಾಗ್ಲಾ, ಮಾಯವಾದಾಗ್ಲಾ?" ಎಂದು ಅವಳು ಕೇಳಿದಳಂತೆ. ಉತ್ತರ ಭಾವನಿಗೇ ಗೊತ್ತಿಲ್ಲ! "ಇರು, ನೋಡಿ ಹೇಳ್ತೀನಿ" ಎಂದು ತಮ್ಮ ಕೈಯನ್ನೇ ನೋಡುತ್ತ ತಿರುಗಿಸಿದರಂತೆ. ನಾನು "ಹೋಲ್ಡಾನ್" ಎಂದು ಅರಚುವಷ್ಟರಲ್ಲಿ ಬಸ್ಸು ಕಂಬಕ್ಕೆ ಉಜ್ಜಿತ್ತು.

ಮ್ಯಾನೇಜರ್ ಓಡಿ ಬಂದರು. ಭಾವ ಇಳಿದು ಹೇಳಿದ್ದೇನು ಗೊತ್ತೇ?

"ಇವ್ಳು ಮಧ್ಯದಲ್ಲಿ ಸ್ಟೇರಿಂಗ್‌ಗೆ ಕೈ ಹಾಕಿದ್ಲು ಸಾರ್."

ಹುಡುಗಿ ಅಪ್ಪನನ್ನೊಮ್ಮೆ ನೋಡಿ, ಬಸ್ಸಿಗೆ ಬಿದ್ದ ಗೀರನ್ನು ಕೈಯಿಂದ ಒರೆಸತೊಡಗಿದಳು. ನಾನೂ ಆಗ ನಂಬಿದೆ, ಹಿಂದೆ ನಿಂತವನಿಗೆ ಮುಂದಿನದು ಎಲ್ಲಿ ಕಾಣಬೇಕು?

"ಇನ್ಮೇಲೆ ಸ್ಟೇರಿಂಗ್ ಮುಟ್ಬೇಡ. ಪಕ್ಕದಲ್ಲಿ ಕೂತು ನೋಡು ಅಷ್ಟೆ. ಕೆಲಸಕ್ಕೆ ಇಟ್ಕೊಳ್ಳೋದೋ ಬೇಡ್ವೋ ಶನಿವಾರ ಹೇಳ್ತೀನಿ," ಎಂದರು ಮ್ಯಾನೇಜರ್.

ಸುಳ್ಳು ದಕ್ಕಿತು, ಕೈ ದಕ್ಕಲಿಲ್ಲ. ರಿವರ್ಸ್ ಹಾಕಿದರೆ ಸಾಕು, ಭಾವನ ಕೈ ಮರಗಟ್ಟುತ್ತಿತ್ತು. ಯಾವ ಬೆರಳು ಎಲ್ಲಿದೆ ಎಂದು ನೋಡುವುದು, ಮುಂದೆ ಹೋಗುವುದು, ಮತ್ತೆ ಹಿಂದೆ ಬರುವುದು. ಮೆಕ್ಯಾನಿಕ್‌ಗಳು ಟೀ ಲೋಟ ಹಿಡಿದು ಮಜಾ ನೋಡುತ್ತಿದ್ದರು. ಮನೆಯಲ್ಲಿ ಮಗಳು ಬಡಿಸಲು ಬಂದರೆ ಭಾವ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಪಾಪ ಅನ್ನಬೇಕೋ, ಬೈಯಬೇಕೋ!

ಶುಕ್ರವಾರ ಸಂಜೆ ನಾನು ಬಸ್ಸಿನ ಮೈ ತಟ್ಟುತ್ತಿದ್ದಾಗ ಮುಂದುಗಡೆಯಿಂದ ಜಗಳ ಕೇಳಿಸಿತು.

"ಅಮ್ಮನ ಚಪ್ಪಲಿ ಹರಿದು ಎಷ್ಟು ದಿನ ಆಯ್ತು? ನಿಂಗೆ ಕಣ್ಣು ಕಾಣಲ್ವಾ ಅಪ್ಪ?"

"ಹೊಲಿಸ್ತೀನಿ ಕೊಡೇ ಅಂದ್ರೆ ಬೇಡ ಅಂದೋಳು ಅವ್ಳೇ! ನಿಮ್ಮಮ್ಮನ ಹಟ ನಿಂಗೊತ್ತಿಲ್ವಾ? ಯಾರೋ ಮಾಡಿದ್ದಕ್ಕೆ ನನ್ಮೇಲೆ ಯಾಕೇ ಗೂಬೆ ಕೂರಿಸ್ತೀಯ?"

ಬಸ್ಸು ನಿಂತಿತು. ನಾನು "ಹೋಲ್ಡಾನ್" ಅಂದೇ ಇರಲಿಲ್ಲ. ಕಂಬಕ್ಕೂ ಬಸ್ಸಿಗೂ ನಡುವೆ ಸರಿಯಾಗಿ ಅಂಗೈಯಗಲ ಜಾಗ, ಹಿಂದಿನ ಹಾಗೇ. ಮುಂದಕ್ಕೆ ಓಡಿದೆ.

"ನೋಡ್ದೇನೇ ಬಂತಲ್ಲಪ್ಪ ಕೈ," ಎನ್ನುತ್ತಿದ್ದಳು ಹುಡುಗಿ, ಜಗಳದ ಸುಳಿವೇ ಇಲ್ಲದ ದನಿಯಲ್ಲಿ. "ಅಮ್ಮನ ಚಪ್ಪಲಿ ನಾನು ಮೊನ್ನೆನೇ ಹೊಲಿಸಿದೀನಿ."

ಭಾವ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಕೂತುಬಿಟ್ಟರು. ಗೂಬೆ ಕೂರಿಸಿದ್ದು ಯಾರು, ಯಾರ ಮೇಲೆ! ತಾವೇ ಆಡಿದ ಮಾತು ಅವರನ್ನು ಸುಡುತ್ತಿತ್ತು. ಕಿವಿಯವರೆಗೂ ಕೆಂಪಾಗಿದ್ದರು.

ಆಮೇಲೆ ಇಳಿದು, ಮೆಕ್ಯಾನಿಕ್‌ಗಳೆಲ್ಲ ನೋಡುತ್ತಿದ್ದಂತೆ, ಮ್ಯಾನೇಜರ್ ಬಾಗಿಲಲ್ಲಿ ಹೋಗಿ ನಿಂತರು.

"ಸಾರ್, ಆವತ್ತು ಸ್ಟೇರಿಂಗ್ ಮೇಲೆ ಇದ್ದದ್ದು ನನ್ ಕೈ ಮಾತ್ರ. ನನ್ ಮಗಳು ಮುಟ್ಟೇ ಇಲ್ಲ."

ಹೇಳುವಾಗ ಆ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.