ಕಿವಿಗೆ ಕಟ್ಟಿದ ಅರಿವೆ

ಬಿಳಿಚೋಡು ಊರಿನ ಮನೆಯೊಂದರ ಬಾಣಂತಿ ಕೋಣೆಗೆ ಕಾಲಿಟ್ಟ ಕೂಡಲೇ ಕಣ್ಣು ಉರಿಯಿತು. ಮಾಗಿ ಚಳಿ ಅಂತ ಕಿಟಕಿ ಸಂದಿಗೂ ಹಳೇ ಸೀರೆ ತುರುಕಿದ್ದರು. ಮಂಚದ ಕೆಳಗೆ ಕೆಂಡ, ಅದರ ಮೇಲೆ ಲೋಬಾನ. ಹೊಗೆಯೊಳಗೆ ಹಸುಗೂಸು ಕೆಮ್ಮುತ್ತಿತ್ತು. ಎಷ್ಟು ವರ್ಷ ನರ್ಸ್ ಕೆಲಸ ಮಾಡಿದರೂ ಆ ಸದ್ದು ನನಗೆ ರೂಢಿಯಾಗಿಲ್ಲ.

“ಅಜ್ಜಿ, ಕೆಂಡ ಹೊರಗಿಡ್ರಿ, ಕಿಟಕಿ ತೆಗೀರಿ. ಕೂಸಿಗೆ ಉಸಿರು ಕಟ್ಟುತ್ತೆ,” ಎಂದೆ ಬಾಣಂತಿಯ ಪಕ್ಕ ಕೂತಿದ್ದ ಮನೆಯ ಹಿರಿಯಳಿಗೆ.

“ಥಂಡಿ ಹೊಕ್ಕರೆ ಏನ್ ಮಾಡಾಕಾಗ್ತೈತ್ರಿ ನರ್ಸಮ್ಮ?”

ಉತ್ತರ ಕೊಡಲು ಹೋದವಳಿಗೆ ಕೆಮ್ಮು ಒತ್ತರಿಸಿ ಬಂತು, ನಿಲ್ಲಲೇ ಇಲ್ಲ. ಅಜ್ಜಿ ನನ್ನನ್ನು ದಿಟ್ಟಿಸಿದಳು.

“ಕಿವಿ ಬಿಟ್ಕೊಂಡು ತಿರುಗಿದ್ರೆ ಹಿಂಗೇ ಆಗೋದು. ಮೊದ್ಲು ಕಿವಿ ಕಟ್ಕೊಳ್ರಿ, ಆಮ್ಯಾಲೆ ಕಿಟಕಿ ಮಾತು.”

ವಾದಕ್ಕೆ ಹೊತ್ತಿರಲಿಲ್ಲ. ಬಾಣಂತಿಗೆ ಕಟ್ಟಿದ ಹಾಗೆಯೇ ನನ್ನ ತಲೆಗೂ ಕಿವಿ ಮುಚ್ಚುವಂತೆ ಅರಿವೆ ಬಿಗಿದ ಮೇಲೆ ಅಜ್ಜಿ ಕಿಟಕಿ ತೆರೆದಳು, ಕೆಂಡ ಆಚೆಗೆ ಒಯ್ದಳು. ಕೂಸಿನ ಅಂಗಿ ಎತ್ತಿ ಎದೆಯನ್ನೇ ನೋಡುತ್ತ ಕೂತೆ. ಉಸಿರು ಸಲೀಸಾಗಿತ್ತು, ಕೂಸಿನ ಕೆಮ್ಮೂ ತಗ್ಗಿತು. ಉಸಿರು ಜೋರಾದರೆ ಕೂಡಲೇ ಜಗಳೂರು ಆಸ್ಪತ್ರೆಗೆ ಬರಬೇಕೆಂದು ತಾಯಿಗೆ ಹೇಳಿ ಹೊರಟೆ.

ಬೀದಿ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅಜ್ಜಿ ಆ ಕಿಟಕಿಯಲ್ಲೇ ನಿಂತು ನನ್ನ ಕಿವಿ ಕಾಯುತ್ತಿದ್ದಳು. ನಾನು ಅರಿವೆ ಬಿಚ್ಚಿದರೆ ಅವಳು ಕಿಟಕಿ ಮುಚ್ಚುತ್ತಾಳೆ. ಬಸ್ ಹತ್ತುವವರೆಗೂ ಗಂಟಿಗೆ ಕೈ ಹಚ್ಚಲಿಲ್ಲ.